ಕರೋಶಿಯ ನೆಲದ ಎತ್ತರ: ನಕಾಶೆಯ ಅಂಕಗಳ ಪೂರ್ವವೃತ್ತ

ಕರೋಶಿಯು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನ ಒಂದು ಗ್ರಾಮವು. ತಾಲೂಕಿನ ಉತ್ತರಕ್ಕೆ ಕೃಷ್ಣೆಯೂ, ದಕ್ಷಿಣದ ಸೀಮೆಯಾಚೆ ಹಿರಣ್ಯಕೇಶಿ ಘಟಪ್ರಭೆಗಳೂ ಹರಿಯುವುವು. ಇವೆರಡರ ನಡುವಣ ಏರುನೆಲದಲ್ಲಿ ಯಾವ ಹೊಲಕ್ಕೆ ಕಾಲುವೆಯ ನೀರು ತಾನಾಗಿ ಹರಿದು ಬಂದೀತು, ಯಾವುದಕ್ಕೆ ಯಂತ್ರದಿಂದ ಎತ್ತಬೇಕಾದೀತು ಎಂಬುದು ಎತ್ತರದ ಅಂಕದಿಂದಲೇ ನಿರ್ಣಯವಾಗತಕ್ಕದ್ದು. ಶಾಸನದ ಅಕ್ಷರಗಳನ್ನು ನೋಡಿ ಕಾಲನಿರ್ಣಯ ಮಾಡುವ ನಾವು ನಕಾಶೆಯ ಅಂಕಗಳನ್ನು ಮಾತ್ರ ಸ್ವಯಂಸಿದ್ಧವೆಂದು ಭಾವಿಸುತ್ತ ಬಂದಿದ್ದೇವೆ. ಅವುಗಳಿಗೂ ಒಂದು ಇತಿಹಾಸವುಂಟು.

ಎತ್ತರವೆಂದರೆ ಎಲ್ಲಿಂದ ಎತ್ತರ ಎಂಬುದೇ ಮೊದಲ ಪ್ರಶ್ನೆ. ಲ್ಯಾಂಬ್ಟನ್ನನು 1802ರಲ್ಲಿ ಮದರಾಸಿನಲ್ಲಿ ಆರಂಭಿಸಿದ ತ್ರಿಕೋಣಮಾಪನದಲ್ಲಿ ಬೆಟ್ಟಗಳ ಎತ್ತರವನ್ನು ಕೋನಗಳಿಂದ ಗುಣಿಸಿ ಪಡೆಯುತ್ತಿದ್ದರು. ಬೆಳಕಿನ ಕಿರಣವು ಗಾಳಿಯಲ್ಲಿ ಬಾಗುವುದರಿಂದ ಅದರಲ್ಲಿ ದೋಷ ತಪ್ಪುತ್ತಿರಲಿಲ್ಲ. 1858ರಿಂದ ಸರ್ವೇ ಇಲಾಖೆಯವರು ಲೆವೆಲ್ ಯಂತ್ರವನ್ನೂ ಅಳತೆಯ ಕೋಲನ್ನೂ ಹಿಡಿದು ಹೆಜ್ಜೆಹೆಜ್ಜೆಗೆ ಮಟ್ಟವನ್ನು ಒಯ್ಯತೊಡಗಿದರು. ಈ ಸಾಲುಗಳನ್ನೆಲ್ಲ 1909ರಲ್ಲಿ ಒಂದು ಜಾಲವಾಗಿ ಹೊಂದಿಸಿದಾಗ ಒಂಬತ್ತು ಬಂದರುಗಳ ಸರಾಸರಿ ಸಮುದ್ರಮಟ್ಟವನ್ನು ಸೊನ್ನೆಯೆಂದು ಹಿಡಿಯಲಾಯಿತು. ಮುಂಬಯಿ, ಮದರಾಸು, ಕೊಚ್ಚಿ ಮೊದಲಾದವುಗಳ ಜೊತೆಗೆ ನಮ್ಮ ಕಾರವಾರವೂ ಆ ಒಂಬತ್ತರಲ್ಲಿ ಒಂದಾಗಿತ್ತು. ಎರಡೂ ಕರಾವಳಿಗಳ ಕಡಲಮಟ್ಟವು ವಾಸ್ತವವಾಗಿ ಒಂದೇ ಅಲ್ಲ. ಸೊನ್ನೆಯಲ್ಲಿಯೂ ಇಷ್ಟು ಸಂಧಾನವಿರುವುದು.

ಎರಡನೆಯದು ಮಾನದ ಪ್ರಶ್ನೆ. ಕರೋಶಿಯ ಸೀಮೆಯು 47 ಎಲ್ ಎಂಬ ನಕಾಶೆಯಲ್ಲಿ ಬರುವುದು. ಅಂಗುಲಕ್ಕೆ ಮೈಲಿಯಂತೆ ಬರೆದ ಹಳೆಯ ಹಾಳೆಗಳಲ್ಲಿ ಸಮೋನ್ನತ ರೇಖೆಗಳು ಸಾಮಾನ್ಯವಾಗಿ 50 ಅಡಿಗೊಂದರಂತೆ ಇದ್ದವು. 1:50,000 ಪ್ರಮಾಣದ ಹಾಳೆಗಳಲ್ಲಿ 20 ಮೀಟರಿಗೊಂದು. ಹಿಡಕಲ್ ಜಲಾಶಯದ ಪೂರ್ಣಮಟ್ಟವನ್ನು 662.94 ಮೀಟರೆಂದು ಬರೆಯುವರು. ಅದು 2175 ಅಡಿಯೇ ಹೊರತು ಬೇರೆಯಲ್ಲ. ಆಲಮಟ್ಟಿಯ ದೃಷ್ಟಾಂತವು ಇನ್ನೂ ಸ್ಪಷ್ಟವಾದುದು. ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ಅಲ್ಲಿ 519.6 ಮೀಟರಿನವರೆಗೆ ನೀರು ನಿಲ್ಲಿಸಲು ಸಮ್ಮತಿಸಿತು. ಎರಡನೆಯ ಕೃಷ್ಣಾ ನ್ಯಾಯಾಧಿಕರಣವು 2010ರಲ್ಲಿ 524.256 ಮೀಟರನ್ನು ಒಪ್ಪಿತು. ಮೂರು ದಶಮಾಂಶಗಳನ್ನು ಕಂಡು ಕೂದಲೆಳೆಯ ಸೂಕ್ಷ್ಮತೆಯೆಂದು ಬೆರಗಾಗಬೇಕಾಗಿಲ್ಲ. 1720 ಅಡಿಯನ್ನು 0.3048ರಿಂದ ಗುಣಿಸಿದರೆ ಬರುವುದು ಅದೇ. ಆದರೆ ಈ ಎರಡು ಅಂಕಗಳ ನಡುವಣ 4.656 ಮೀಟರಿಗಾಗಿ ರಾಜ್ಯಗಳು ವಾದಿಸಿದವು. ಕೆಳಗೆ ನೀರಾವರಿಯ ಆಸೆ, ಮೇಲೆ ಸಾಂಗಲಿ ಕೊಲ್ಹಾಪುರಗಳ ಪ್ರವಾಹಭಯ. ಚಿಕ್ಕೋಡಿ ತಾಲೂಕಿನ ನದೀತೀರದ ಊರುಗಳು 2019ರಲ್ಲಿ ಮುಳುಗಿದುದನ್ನು ಕಂಡವರಿಗೆ ಮೀಟರೊಂದರ ಬೆಲೆಯನ್ನು ವಿವರಿಸಬೇಕಾದುದಿಲ್ಲ.

ಈಗ ಗಣಕಯಂತ್ರದ ವಿಚಾರ. 1982ರಲ್ಲಿ ಹೊರಬಂದ ಆಟೋಕ್ಯಾಡ್ ಮೊದಲಾದ ಸಾಧನಗಳಿಂದಾಗಿ ನಕಾಶೆಯು ಕಾಗದವನ್ನು ಬಿಟ್ಟಿತು. ಹಳೆಯ ಹಾಳೆಯಲ್ಲಿ ರೇಖೆಯ ಮಗ್ಗುಲಿಗೆ 2150 ಎಂದು ಬರೆದಿದ್ದರೆ ಓದುವವನು ಎತ್ತರವನ್ನು ತಿಳಿಯುತ್ತಿದ್ದನು. ಗಣಕಕ್ಕೆ ಆ ಬರಹವು ಬರಿಯ ಚಿತ್ರವು. ರೇಖೆಗೆ ಝಡ್ ಎಂಬ ಮೂರನೆಯ ಅಂಕವನ್ನು ಪ್ರತ್ಯೇಕವಾಗಿ ಕೊಡಬೇಕು. ಕೊಡದಿದ್ದರೆ ಅದು ಸೊನ್ನೆಯಲ್ಲಿಯೇ ಉಳಿದು, ಕರೋಶಿಯ ದಿಬ್ಬವೂ ಹಳ್ಳವೂ ಕಾರವಾರದ ಕಡಲಮಟ್ಟಕ್ಕೆ ಇಳಿದುಹೋಗುವುವು. ಮೇಲಿನಿಂದ ನೋಡುವವನಿಗೆ ಮಾತ್ರ ನಕಾಶೆಯಲ್ಲಿ ಯಾವ ಕುಂದೂ ಕಾಣದು. ಮೀಟರಿನ ಚಿತ್ರದಲ್ಲಿ 2150 ಎಂದೇ ಕೊಟ್ಟರೆ ಊರು ಸಹ್ಯಾದ್ರಿಯ ಅನೇಕ ಶಿಖರಗಳನ್ನೂ ಮೀರಿ ನಿಲ್ಲುವುದು. ಕೊಡತಕ್ಕದ್ದು 655.32. ಇಂತಹ ಬೆಸ ಅಂಕಗಳ ಸಾಲು ಒಂದಕ್ಕೊಂದು 15.24ರ ಅಂತರದಲ್ಲಿ ಕಂಡುಬಂದರೆ ಆ ರೇಖೆಗಳು ಅಡಿಯ ಹಾಳೆಯಿಂದ ಬಂದವೆಂದು ನಿಶ್ಚಯಿಸಬಹುದು. ಲಿಪಿಯಿಂದ ಶತಮಾನವನ್ನು ಹೇಳುವುದಕ್ಕಿಂತ ಈ ಕೆಲಸವು ಸುಲಭವೇ ಸರಿ.

ಉಪಗ್ರಹಗಳ ಸಹಾಯದಿಂದ ಅಳೆಯುವ ಜಿಪಿಎಸ್ ಯಂತ್ರವು ಇನ್ನೊಂದು ಸೊನ್ನೆಯನ್ನು ತಂದಿರುವುದು. ಅದರ ಮೂಲ ಅಳತೆಯು ಕಡಲಿನಿಂದಲ್ಲ, ಭೂಮಿಯ ಆಕಾರಕ್ಕೆ ಕಲ್ಪಿಸಿದ ಒಂದು ದೀರ್ಘಗೋಲದಿಂದ. ನಮ್ಮ ಪ್ರದೇಶದಲ್ಲಿ ಆ ಕಲ್ಪಿತ ಮೈಯು ಕಡಲಮಟ್ಟಕ್ಕಿಂತ ಹಲವು ಹತ್ತು ಮೀಟರು ಮೇಲಿರುವುದರಿಂದ ನೆಲದ ಅಂಕವು ಅಷ್ಟೇ ಕಡಿಮೆ ಬರುವುದು. ತಿದ್ದದೆ ಅದನ್ನು ಹಳೆಯ ರೇಖೆಗಳ ಪಕ್ಕದಲ್ಲಿಟ್ಟರೆ ಒಂದೇ ಹೊಲಕ್ಕೆ ಎರಡು ಎತ್ತರಗಳಾಗುವುವು. ಆದಕಾರಣ ಈ ಸೀಮೆಯ ಚಿತ್ರವನ್ನು ಮುಂದಿನವರಿಗೆ ಒಪ್ಪಿಸುವವರು ಸೊನ್ನೆ ಯಾವುದು, ಮಾನ ಯಾವುದು, ರೇಖೆಯನ್ನು ತೆಗೆದುಕೊಂಡ ಹಾಳೆ ಯಾವ ವರ್ಷದ್ದು ಎಂಬ ಮೂರನ್ನು ಚಿತ್ರದ ಅಂಚಿನಲ್ಲಿಯೇ ಬರೆದಿಡತಕ್ಕದ್ದು.