ಗಂಡನ ಪೌರತ್ವ, ಹೆಂಡತಿಯ ಆಶ್ರಯ: ಒಂದು ಕಾನೂನಿನ ಚರಿತ್ರೆ

ತಾಯ್ನಾಡಿನಲ್ಲಿ ಜೀವಭಯವಿದ್ದು ಓಡಿಬಂದ ಹೆಂಗಸು. ಅವಳ ಗಂಡ ಬೇರೊಂದು ಸುಭದ್ರ ದೇಶದ ಪ್ರಜೆ. ಅವಳು ಮೂರನೆಯ ದೇಶದಲ್ಲಿ ಆಶ್ರಯ ಕೇಳಬಹುದೇ? 1951ರ ನಿರಾಶ್ರಿತರ ಒಡಂಬಡಿಕೆಯ ಪ್ರಕಾರ ಕೇಳಬಹುದು. ಆದರೆ ಕಾನೂನು ಈ ಉತ್ತರಕ್ಕೆ ಬಂದದ್ದು ಬಹಳ ತಡವಾಗಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪ್ರಶ್ನೆ ಏಳುವಂತೆಯೇ ಇರಲಿಲ್ಲ. ಮದುವೆಯಾದವಳು ಗಂಡನ ದೇಶದವಳು ಎಂಬುದನ್ನು ಬ್ರಿಟನ್ 1870ರಲ್ಲಿ ಕಾಯಿದೆಯಾಗಿಯೇ ಬರೆಯಿತು. ಅಮೆರಿಕ 1907ರಲ್ಲಿ ಅದೇ ದಾರಿ ಹಿಡಿಯಿತು. ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿದ ಎಥೆಲ್ ಮೆಕೆಂಜಿ ಬ್ರಿಟಿಷ್ ಪ್ರಜೆಯೊಬ್ಬನನ್ನು ಮದುವೆಯಾಗಿದ್ದರು. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದಾಗ, ನೀವು ಅಮೆರಿಕದವರೇ ಅಲ್ಲ ಎಂಬ ಉತ್ತರ ಸಿಕ್ಕಿತು. ಪರಿಣಾಮ ಗೊತ್ತಿದ್ದೇ ಮದುವೆಯಾದಳಲ್ಲ ಎಂಬ ಧಾಟಿಯಲ್ಲಿ ಸುಪ್ರೀಂ ಕೋರ್ಟು 1915ರಲ್ಲಿ ಅದನ್ನು ಎತ್ತಿಹಿಡಿಯಿತು. 1922ರ ಕೇಬಲ್ ಕಾಯಿದೆ ಈ ಕಟ್ಟನ್ನು ಸಡಿಲಿಸಿತಾದರೂ ಎಲ್ಲರಿಗೂ ಅಲ್ಲ. ಅಮೆರಿಕದ ಪೌರತ್ವಕ್ಕೆ ಅನರ್ಹನಾದವನನ್ನು ವರಿಸಿದವಳು ತನ್ನ ಪೌರತ್ವವನ್ನೂ ಕಳೆದುಕೊಳ್ಳುತ್ತಿದ್ದಳು. 1923ರ ಭಗತ್ ಸಿಂಗ್ ಥಿಂಡ್ ತೀರ್ಪು ಭಾರತೀಯರನ್ನೂ ಆ ಅನರ್ಹರ ಸಾಲಿಗೆ ನೂಕಿತು. ಈ ಅಪವಾದ ತೊಲಗಿದ್ದು 1931ರಲ್ಲಿ.

ಗಂಡನ ದೇಶ ತನ್ನ ಪೌರತ್ವ ಕೊಡದಿದ್ದರೆ ಹೆಂಡತಿಯ ತವರಿನ ಪೌರತ್ವ ಹೋಗಕೂಡದು ಎಂದು 1930ರ ಹೇಗ್ ಒಪ್ಪಂದ ಹೇಳಿತು. ಮದುವೆಯಿಂದ ಹೆಣ್ಣಿನ ಪೌರತ್ವ ತಾನಾಗಿ ಬದಲಾಗಬಾರದು ಎಂಬ ಮಾತು ವಿಶ್ವಸಂಸ್ಥೆಯ ಒಡಂಬಡಿಕೆಯಾಗಿ ಬಂದದ್ದು 1957ರಲ್ಲಿ.

ನಡುವೆ ಬಂದ 1951ರ ಒಡಂಬಡಿಕೆ ನಿರಾಶ್ರಿತರನ್ನು ಒಬ್ಬೊಬ್ಬರನ್ನಾಗಿಯೇ ನೋಡಿತು. ಅರ್ಜಿದಾರರಿಗೆ ಎರಡು ಪೌರತ್ವವಿದ್ದರೆ ಎರಡೂ ದೇಶಗಳ ವಿಷಯದಲ್ಲಿ ಭಯ ತೋರಿಸಬೇಕು ಎನ್ನುವ ಅದರ ‘ನಿರಾಶ್ರಿತ’ ವ್ಯಾಖ್ಯೆಯಲ್ಲಿ ಸಂಗಾತಿಯ ಪೌರತ್ವದ ಸುಳಿವೇ ಇಲ್ಲ. ಆ ಒಡಂಬಡಿಕೆಯನ್ನು ಅಂಗೀಕರಿಸಿದ ಸಮ್ಮೇಳನದ ಅಂತಿಮ ದಸ್ತಾವೇಜು ಮಾತ್ರ ಕುಟುಂಬದ ಐಕ್ಯತೆಯನ್ನು ಕಾಪಾಡಿ ಎನ್ನುತ್ತ ‘ಕುಟುಂಬದ ಯಜಮಾನ’ನನ್ನು ಮತ್ತೆ ಒಳಗೆ ಕರೆಯಿತು. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯ 1979ರ ಕೈಪಿಡಿ ಇದಕ್ಕೊಂದು ಮಿತಿ ಹಾಕಿತು: ನಿರಾಶ್ರಿತರ ಅವಲಂಬಿತರು ಬೇರೆ ದೇಶದ ಪ್ರಜೆಗಳಾಗಿ ಅಲ್ಲಿನ ರಕ್ಷಣೆ ಪಡೆಯುತ್ತಿದ್ದರೆ, ಅವರಿಗೂ ನಿರಾಶ್ರಿತರ ಸ್ಥಾನ ಕೊಡಬೇಕಿಲ್ಲ. ಅಂದರೆ ಸಂಗಾತಿಯ ಬೇರೆ ಪೌರತ್ವ ತೊಡಕಾಗುವುದು ಆ ಸಂಗಾತಿಗೇ; ಮೂಲ ಅರ್ಜಿದಾರರಿಗಲ್ಲ.

ಇಷ್ಟಕ್ಕೇ ನಿಂತಿದ್ದರೆ ವಿಷಯ ಸರಳವಾಗಿರುತ್ತಿತ್ತು. ಕೆನಡಾದ ಸುಪ್ರೀಂ ಕೋರ್ಟು 1993ರ ವಾರ್ಡ್ ತೀರ್ಪಿನಲ್ಲಿ, ಪೌರತ್ವವಿರುವ ಪ್ರತಿಯೊಂದು ದೇಶವೂ ರಕ್ಷಿಸಲಾರದೆಂದು ತೋರಿಸಬೇಕು ಎಂದಿತು. 2005ರಲ್ಲಿ ಅಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕೈಯಲ್ಲಿಲ್ಲದ, ಆದರೆ ಪಡೆಯುವುದು ಅರ್ಜಿದಾರರ ಹಿಡಿತದಲ್ಲೇ ಇರುವ ಪೌರತ್ವವೂ ಲೆಕ್ಕಕ್ಕೆ ಬರುತ್ತದೆ ಎಂದಿತು. ನನ್ನ ಆತಂಕ ಇಲ್ಲಿದೆ. ‘ಗಂಡನ ದೇಶದ ಪೌರತ್ವವನ್ನು ಏಕೆ ಕೇಳಲಿಲ್ಲ?’ ಎಂಬ ಪ್ರಶ್ನೆಗೆ ಈ ತರ್ಕ ಬಾಗಿಲು ತೆರೆಯುತ್ತದೆ. 1870ರ ಕಾಯಿದೆ ಹಿತ್ತಿಲಿನಿಂದ ಒಳಬರುತ್ತದೆ. ‘ಹಿಡಿತ’ ಎಂಬ ಷರತ್ತನ್ನು ಬಿಗಿಯಾಗಿ ಓದಿದರಷ್ಟೇ ಅದನ್ನು ತಡೆಯಬಹುದು. ವಾಸದ ವರ್ಷಗಳು, ಭಾಷಾ ಪರೀಕ್ಷೆ, ಅಧಿಕಾರಿಯ ವಿವೇಚನೆ, ಕೊನೆಗೆ ಮದುವೆ ಮುರಿಯದೆ ಉಳಿಯುವುದು: ಇವು ಯಾವುವೂ ಅವಳೊಬ್ಬಳ ಕೈಯಲ್ಲಿಲ್ಲ.

ಭಾರತ 1951ರ ಒಡಂಬಡಿಕೆಗೆ ಸಹಿ ಹಾಕಿಲ್ಲ, ಆದರೂ ಮದುವೆಯಿಂದ ಸಿಗುವ ಪೌರತ್ವ ಅವಳ ಹಿಡಿತದಲ್ಲಿಲ್ಲ ಎಂಬುದನ್ನು ತೋರಿಸಲು ಇಲ್ಲಿನ ಉದಾಹರಣೆ ಉಪಯುಕ್ತ. ಪೌರತ್ವ ಕಾಯಿದೆಯ 5(1)(ಸಿ) ಕಲಮಿನಡಿ ಭಾರತೀಯರನ್ನು ಮದುವೆಯಾದವರು ಅರ್ಜಿ ಹಾಕುವ ಮುನ್ನ 7 ವರ್ಷ ಇಲ್ಲಿ ವಾಸವಿರಬೇಕು. ಅಕ್ರಮವಾಗಿ ಬಂದವರಿಗೆ ಸಾಮಾನ್ಯವಾಗಿ ಆ ದಾರಿಯೂ ಇಲ್ಲ. ಟಿಬೆಟಿನಿಂದ ಬಂದು ಬೈಲುಕುಪ್ಪೆಯಲ್ಲಿ ನೆಲೆಸಿದ ಹೆಣ್ಣೊಬ್ಬಳು ಕನ್ನಡಿಗನನ್ನು ಮದುವೆಯಾದರೂ, ಪೌರತ್ವ ಸಿಗುವವರೆಗೆ ಅವಳು ಇಲ್ಲಿ ಇರುವುದು ಕಾಲಕಾಲಕ್ಕೆ ನವೀಕರಿಸಬೇಕಾದ ವಿದೇಶೀಯರ ನೋಂದಣಿ ಪತ್ರ, ಅಂದರೆ ‘ಆರ್‌ಸಿ’ಯ ಬಲದ ಮೇಲೆ.