ತಾಳೆ ತೋಟದ ಪುಟ್ಟ ಹುಳು

ಎಣ್ಣೆ ತಾಳೆಯ ತವರು ಪಶ್ಚಿಮ ಆಫ್ರಿಕಾ. 1848ರಲ್ಲಿ ಜಾವಾದ ಬೋಗೋರ್ ಸಸ್ಯೋದ್ಯಾನದಲ್ಲಿ ಅದರ ನಾಲ್ಕು ಸಸಿಗಳನ್ನು ನೆಡಲಾಯಿತು. ಮುಂದೆ ಈ ಬೆಳೆ ಮಲಯಾಕ್ಕೂ ಹಬ್ಬಿ, 1917ರಲ್ಲಿ ಸೆಲಂಗೋರಿನ ತೆನ್ನಮಾರಂನಲ್ಲಿ ಅಲ್ಲಿನ ಮೊದಲ ವಾಣಿಜ್ಯ ತೋಟ ಆರಂಭವಾಯಿತು.

ಮರ ಚೆನ್ನಾಗಿ ಬೆಳೆದರೂ ಕಾಯಿ ಸರಿಯಾಗಿ ಕಚ್ಚುತ್ತಿರಲಿಲ್ಲ. ಹಲವು ತೋಟಗಳಲ್ಲಿ ಕೂಲಿಯವರು ಮರದಿಂದ ಮರಕ್ಕೆ ಹೋಗಿ ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕಾಗಿತ್ತು. ತಾಳೆಯ ಪರಾಗವನ್ನು ಗಾಳಿಯೇ ಒಯ್ಯುತ್ತದೆ ಎಂಬುದು ಅಂದಿನ ಸಾಮಾನ್ಯ ನಂಬಿಕೆ. ಪಾಕಿಸ್ತಾನದ ಕೀಟತಜ್ಞ ರಹಮಾನ್ ಸೈಯದ್ ಅವರು ಕ್ಯಾಮರೂನಿಗೆ ಹೋಗಿ ಪರೀಕ್ಷಿಸಿದರು. ಆ ಕೆಲಸ ಮಾಡುವುದು ಮುಖ್ಯವಾಗಿ ಪುಟ್ಟ ಮೂತಿಹುಳುಗಳೆಂದು ತೋರಿಸಿಕೊಟ್ಟರು. ಸಸಿ ಕಡಲು ದಾಟಿತ್ತು, ಹುಳು ಆಫ್ರಿಕಾದಲ್ಲೇ ಉಳಿದಿತ್ತು!

1981ರಲ್ಲಿ ಆ ಹುಳುವನ್ನು ಮಲೇಷ್ಯಾದಲ್ಲಿ ಬಿಡಲಾಯಿತು. ಕಾಯಿ ಕಚ್ಚುವುದು ಹೆಚ್ಚಿತು; ಕೈ ಪರಾಗಸ್ಪರ್ಶದ ಅಗತ್ಯ ತಪ್ಪಿತು.

ವಿದ್ಯಾರ್ಥಿ ಮಿತ್ರರೇ, ಎಲ್ಲರೂ ಒಪ್ಪಿಕೊಂಡ ಮಾತನ್ನೂ ಪರೀಕ್ಷಿಸಿ ನೋಡುವುದೇ ನಿಜವಾದ ವಿದ್ಯೆ.