ಪೌಂಡಿಗೆ ಅರ್ಧ ಸೆಂಟ್: ಪಾಯಿನ್‌ಸೆಟ್ ಕೌಂಟಿಯ ಹತ್ತಿ ಸಹಾಯಧನ, 1933–1940

ಅಮೆರಿಕದ ರೈತರಿಗೆ ಕೇಂದ್ರ ಸರ್ಕಾರ ನೇರವಾಗಿ ಹಣ ಕೊಡತೊಡಗಿದ್ದು 1933ರ ಮೇ 12ರಂದು ಜಾರಿಗೆ ಬಂದ ಕೃಷಿ ಹೊಂದಾಣಿಕೆ ಕಾಯ್ದೆಯಿಂದ. 1929ರಲ್ಲಿ ಪೌಂಡಿಗೆ 16 ಸೆಂಟ್ ದಾಟಿದ್ದ ಹತ್ತಿಯ ಬೆಲೆ 1931ರಲ್ಲಿ 6 ಸೆಂಟ್‌ಗೂ ಕೆಳಗಿಳಿದಿತ್ತು. ಬೆಳೆ ಕಡಿಮೆಯಾದರೆ ಬೆಲೆ ಏರುತ್ತದೆ ಎಂಬುದು ಕೃಷಿ ಕಾರ್ಯದರ್ಶಿ ಹೆನ್ರಿ ವ್ಯಾಲೇಸ್ ಅವರ ಇಲಾಖೆಯ ಲೆಕ್ಕ. ಆ ಬೇಸಿಗೆಯಲ್ಲೇ ಸುಮಾರು ಒಂದು ಕೋಟಿ ಎಕರೆಯಲ್ಲಿ ನಿಂತ ಹತ್ತಿಯನ್ನು ಉತ್ತು ಕೆಡವಲಾಯಿತು. ಬೆಲೆಯೇನೋ ಚೇತರಿಸಿಕೊಂಡಿತು. ಆದರೆ ಚೆಕ್ ಯಾರ ಕೈ ಸೇರಿತು ಎಂದು ಕೇಳಿದರೆ ಅರ್ಕನ್ಸಾ ರಾಜ್ಯದ ಪಾಯಿನ್‌ಸೆಟ್ ಕೌಂಟಿಯಂಥ ಕಡೆ ಬೇರೆಯೇ ಕಥೆ ಹೊರಬೀಳುತ್ತದೆ.

ಈ ಭಾಗದಲ್ಲಿ ಜಮೀನು ದೊಡ್ಡ ಪ್ಲಾಂಟೇಶನ್‌ಗಳದ್ದು, ದುಡಿಮೆ ಅರ್ಧ ಪಾಲಿನ ಒಕ್ಕಲುಗಳದ್ದು; ನಮ್ಮ ಕೋರು ಪದ್ಧತಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1934–35ರ ಒಪ್ಪಂದದ ಪ್ರಕಾರ ಧಣಿ ತನ್ನ ಹತ್ತಿ ಭೂಮಿಯ 35ರಿಂದ 45 ಶೇಕಡಾ ಭಾಗವನ್ನು ಸರ್ಕಾರಕ್ಕೆ 'ಬಾಡಿಗೆಗೆ' ಕೊಟ್ಟು ಅಲ್ಲಿ ಹತ್ತಿ ಬೆಳೆಯದೆ ಬಿಡಬೇಕು. ಪೌಂಡಿಗೆ ಮೂರೂವರೆ ಸೆಂಟ್ ಬಾಡಿಗೆ ಪೂರ್ತಿ ಧಣಿಗೆ. ಬೆಲೆ ಸಮತೆಯ ಹೆಸರಿನಲ್ಲಿ ಕೊಡುವ ಇನ್ನೊಂದು ಸೆಂಟ್ ಮಾತ್ರ ಬೆಳೆಯಂತೆ ಸಮಪಾಲು. ಒಂದು ಉದಾಹರಣೆ ಲೆಕ್ಕ ಹಾಕೋಣ: ಒಕ್ಕಲಿನ 20 ಎಕರೆಯಲ್ಲಿ 8 ಎಕರೆ ಬಿಟ್ಟು, ಎಕರೆಗೆ 180 ಪೌಂಡ್ ಇಳುವರಿ ಹಿಡಿದರೆ 1,440 ಪೌಂಡ್. ಧಣಿಗೆ 57 ಡಾಲರ್ 60 ಸೆಂಟ್, ಒಕ್ಕಲಿಗೆ 7 ಡಾಲರ್ 20 ಸೆಂಟ್. ಹತ್ತಿಯಲ್ಲಿ ಸರಿಪಾಲು ಪಡೆಯುತ್ತಿದ್ದವನಿಗೆ ಸಹಾಯಧನದಲ್ಲಿ ಒಂಬತ್ತನೇ ಒಂದು ಪಾಲು! ಅದರಲ್ಲೂ ಪ್ಲಾಂಟೇಶನ್ ಅಂಗಡಿಯ ಸಾಲದ ಬಾಬ್ತು ಮುರಿದುಕೊಳ್ಳುವುದು ಸಾಮಾನ್ಯವಾಗಿತ್ತು.

ಒಕ್ಕಲುಗಳನ್ನು ಸಾಧ್ಯವಾದಷ್ಟು ಉಳಿಸಿಕೊಳ್ಳಬೇಕು ಎಂದು ಒಪ್ಪಂದದ ಏಳನೇ ಕಲಮು ಹೇಳುತ್ತಿತ್ತು. 'ಸಾಧ್ಯವಾದಷ್ಟು' ಎಂಬ ಮಾತಿನ ಅಳತೆ ಮಾಡಬೇಕಾದ ಕೌಂಟಿ ಸಮಿತಿಗಳಲ್ಲಿ ಕೂತಿದ್ದವರು ಬಹುಮಟ್ಟಿಗೆ ಧಣಿಗಳೇ, ಇಲ್ಲವೇ ಅವರಿಗೆ ಬೇಕಾದವರು. ದೂರು ಯಾರ ಮೇಲೋ ಅವರ ಮುಂದೆಯೇ ವಿಚಾರಣೆ. ಈ ಕಾರ್ಯಕ್ರಮದ ನಿಜವಾದ ದೋಷ ಇಲ್ಲಿತ್ತು ಎಂದು ನನಗನ್ನಿಸುತ್ತದೆ. ಧಣಿಗಳ ದುರಾಸೆ ಎಲ್ಲ ಕಾಲಕ್ಕೂ ಇದ್ದದ್ದೇ.

1934ರ ಜುಲೈನಲ್ಲಿ ಇದೇ ಕೌಂಟಿಯ ಟೈರೊನ್ಜಾ ಬಳಿಯ ಒಂದು ಶಾಲೆಯಲ್ಲಿ 11 ಬಿಳಿಯರು, 7 ಮಂದಿ ಕರಿಯರು ಒಟ್ಟಿಗೆ ಕೂತು ದಕ್ಷಿಣದ ಗೇಣಿ ರೈತರ ಸಂಘ ಕಟ್ಟಿದರು. ವರ್ಣಭೇದ ಕಾನೂನೇ ಆಗಿದ್ದ ನಾಡಿನಲ್ಲಿ ಇದು ಸಣ್ಣ ಸಾಹಸವಲ್ಲ. ಪಟ್ಟಣದಲ್ಲಿ ಬಟ್ಟೆ ಒಗೆಯುವ ಅಂಗಡಿ ಇಟ್ಟಿದ್ದ ಎಚ್. ಎಲ್. ಮಿಚೆಲ್, ಪೆಟ್ರೋಲ್ ಬಂಕಿನ ಕ್ಲೇ ಈಸ್ಟ್ ಮುಂದೆ ನಿಂತರು. ಹೈರಮ್ ನಾರ್‌ಕ್ರಾಸ್ ಎಂಬ ಧಣಿ ಒಕ್ಕಲೆಬ್ಬಿಸಿದ್ದನ್ನು ಪ್ರಶ್ನಿಸಿ ಸಂಘ ನ್ಯಾಯಾಲಯಕ್ಕೆ ಹೋಯಿತು. ಒಪ್ಪಂದ ಧಣಿಗೂ ಸರ್ಕಾರಕ್ಕೂ ನಡುವಿನದು, ಒಕ್ಕಲುಗಳು ಅದರ ಪಕ್ಷಕಾರರಲ್ಲ ಎಂದು ಅರ್ಕನ್ಸಾ ನ್ಯಾಯಾಲಯ ಕೈಬಿಟ್ಟಿತು. ವಾಷಿಂಗ್ಟನ್ನಿನಲ್ಲಿ ಜೆರೋಮ್ ಫ್ರಾಂಕ್ ನಡೆಸುತ್ತಿದ್ದ, ಇದೇ ಕಾರ್ಯಕ್ರಮದ ಕಾನೂನು ವಿಭಾಗ ಮಾತ್ರ, ಇದ್ದ ಒಕ್ಕಲನ್ನೇ ಇಟ್ಟುಕೊಳ್ಳಬೇಕೆಂದು ಏಳನೇ ಕಲಮಿಗೆ ಅರ್ಥ ಹೇಳಿತು. 1935ರ ಫೆಬ್ರವರಿಯಲ್ಲಿ ಫ್ರಾಂಕ್ ಮತ್ತವರ ಹಲವು ಸಂಗಡಿಗರನ್ನು ಕಾರ್ಯಕ್ರಮದ ಆಡಳಿತಾಧಿಕಾರಿ ಚೆಸ್ಟರ್ ಡೇವಿಸ್ ಕೆಲಸದಿಂದ ತೆಗೆದರು. ವ್ಯಾಲೇಸ್ ಒಪ್ಪಿಗೆ ಕೊಟ್ಟರು. ಸಂಸತ್ತಿನಲ್ಲಿ ದಕ್ಷಿಣದ ಸದಸ್ಯರ ಬಲ ಅಷ್ಟಿತ್ತು.

1936ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಸಹಾಯಧನಕ್ಕೆ ಹಣ ಒದಗಿಸುತ್ತಿದ್ದ ಮೂಲ ಕಾಯ್ದೆಯ ತೆರಿಗೆ ವ್ಯವಸ್ಥೆಯನ್ನು ಅಸಿಂಧುಗೊಳಿಸಿತು. ಮಣ್ಣು ಸಂರಕ್ಷಣೆಯ ಹೆಸರಿನಲ್ಲಿ ಹಣ ಹರಿಯುವುದು ಮುಂದುವರಿಯಿತು, 1938ರ ಕಾಯ್ದೆಯಡಿ ಒಕ್ಕಲಿನ ಪಾಲೂ ಹೆಚ್ಚಿತು. ಆದರೆ ಪಾಲಿನ ಒಕ್ಕಲಿಗೆ ತಾನೇ ಪಾಲು? ದಿನಗೂಲಿಯವನಿಗೆ ಏನೂ ಕೊಡಬೇಕಿರಲಿಲ್ಲ. ಸಹಾಯಧನದ ಹಣದಲ್ಲಿ ಟ್ರ್ಯಾಕ್ಟರ್ ಕೊಳ್ಳುವ ಅನುಕೂಲವೂ ಧಣಿಗಿತ್ತು. 1930ರಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಸುಮಾರು 7,76,000 ಇದ್ದ ಪಾಲಿನ ಒಕ್ಕಲುಗಳ ಸಂಖ್ಯೆ 1940ರ ಗಣತಿಯಲ್ಲಿ ಸುಮಾರು 5,41,000ಕ್ಕೆ ಇಳಿದಿತ್ತು. ಇಳಿಕೆಗೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೂ ಪಾಲು ಹೆಚ್ಚಿಸಿದ ನಿಯಮವೇ ಪಾಲುದಾರನನ್ನು ಕೂಲಿಯಾಳಾಗಿಸಲು ಧಣಿಗೆ ಹೊಸದೊಂದು ಕಾರಣ ಒದಗಿಸಿತ್ತು.